ತಾಳಕ್ಕೆ ತಡವಾಗಿ ಬರುತ್ತಿದ್ದವನು

ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ರಸ್ತೆ ಮುಖ್ಯರಸ್ತೆಯನ್ನು ಸೇರುವ ಮೂಲೆಯಲ್ಲಿ, ಟ್ರಾನ್ಸ್‌ಫಾರ್ಮರಿಗೂ ಎಳನೀರಿನ ಗಾಡಿಗೂ ನಡುವೆ, ಹೋದ ನವೆಂಬರಿನಿಂದ ಒಂದು ಕರಿಕಲ್ಲು ನಿಂತಿದೆ. ಎತ್ತರ ನನ್ನ ಎದೆಮಟ್ಟ. ನುಣುಪು ಎಷ್ಟೆಂದರೆ, ಎಳನೀರು ಕುಡಿದವರು ಅದರಲ್ಲಿ ಮುಖ ನೋಡಿಕೊಂಡು ಮೀಸೆ ಒರೆಸಿಕೊಳ್ಳುತ್ತಾರೆ. ಈ ಊರಿನಲ್ಲೇ ಹುಟ್ಟಿ, ಈ ರಸ್ತೆಯಲ್ಲೇ ಬಾಳಿ, ಗಿಟಾರಿನಲ್ಲಿ ಬ್ಲೂಸ್ ಎಂಬ ಸಂಗೀತವನ್ನು ನುಡಿಸಿದ ಒಬ್ಬ ಮಹನೀಯನ ಹೆಸರು ಅದರ ಮೇಲೆ ಬಂಗಾರದ ಬಣ್ಣದಲ್ಲಿದೆ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬೇಕಾದವರು ಹೋಗಿ ಕಲ್ಲಿನ ಮೇಲೆ ಓದಿಕೊಳ್ಳಬಹುದು. ಒಬ್ಬ ಮನುಷ್ಯನಿಗೆ ಅಷ್ಟು ಪ್ರಚಾರ ಸಾಕು.

ಹೆಸರಿನ ಮೇಲೆ ಚಿತ್ರವೂ ಉಂಟು. ಅವನು ಕೆಲಸದಿಂದ ನಿವೃತ್ತನಾದ ದಿನ ತೆಗೆದ ಫೋಟೋ ಅದು: ತಲೆಗೆ ಮೈಸೂರು ಪೇಟ, ಕೊರಳಿಗೆ ಗಂಧದ ಹಾರ, ಮುಖದಲ್ಲಿ ಪೇಟ ಜಾರೀತೆಂಬ ಭಯ. ಗೊತ್ತಿಲ್ಲದವರು ಯಾರೋ ಛತ್ರ ಕಟ್ಟಿಸಿದ ಧರ್ಮಾತ್ಮರು ಎಂದುಕೊಳ್ಳಬೇಕು. ಆ ಕೊರತೆ ನೀಗಲೆಂದು ಕೆಳಗೆ ಒಂದು ಗಿಟಾರನ್ನು ಕೆತ್ತಿಸಿದ್ದಾರೆ. ಕೆತ್ತಿದವರು ದೇವಸ್ಥಾನದ ಕೆಲಸದಲ್ಲಿ ಪಳಗಿದವರಾದ್ದರಿಂದ ಗಿಟಾರಿನ ತುದಿಯಲ್ಲಿ ವೀಣೆಗಿರುವಂತೆ ಸಿಂಹದಂಥ ಒಂದು ಯಾಳಿಯ ಮುಖ ಬಂದುಬಿಟ್ಟಿದೆ. ಇದನ್ನೆಲ್ಲ ನಾನು ಸಹಿಸಿಕೊಂಡೇನು. ಸಹಿಸಲಾಗದ್ದು ಬೇರೆ. ಆ ಫೋಟೋದಲ್ಲಿ ಅವನ ಪಕ್ಕದಲ್ಲಿ ನಾನು ನಿಂತಿದ್ದೆ. ಕಲ್ಲಿಗೆ ಇಳಿಸುವಾಗ ನನ್ನನ್ನು ಕತ್ತರಿಸಿದರು. ಕತ್ತರಿಸಿದವರು ಪೂರ್ತಿಯಾಗಿ ಕತ್ತರಿಸಬೇಕಿತ್ತು. ಎಡಗಡೆ ಅಂಚಿನಲ್ಲಿ ನನ್ನ ಭುಜದ ಒಂದು ತುಂಡು ಉಳಿದಿದೆ. ಇತಿಹಾಸದಲ್ಲಿ ನನ್ನ ಪಾಲು ಅಷ್ಟು.

ನನ್ನ ವಿಷಯ ಬೇಗ ಮುಗಿಯುತ್ತದೆ, ಮುಗಿಸಿಬಿಡುತ್ತೇನೆ. ಹಗಲು ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿದ್ದೆ. ಸಂಜೆ, ಅವನಿದ್ದ ಆರ್ಕೆಸ್ಟ್ರಾದಲ್ಲೇ ರಿದಂ ಗಿಟಾರ್ ನುಡಿಸುತ್ತಿದ್ದೆ. ಆರ್ಕೆಸ್ಟ್ರಾದಲ್ಲಿ ಗಿಟಾರಿನವರು ಇಬ್ಬರು. ಲೀಡ್ ಗಿಟಾರಿನವನು ಹಾಡಿನ ನಡುವೆ ಮುಂದೆ ಬಂದು, ಕಣ್ಣು ಮುಚ್ಚಿ, ರಾಗ ಎಳೆದು, ಚಪ್ಪಾಳೆ ತೆಗೆದುಕೊಂಡು ಹಿಂದೆ ಹೋಗುತ್ತಾನೆ. ರಿದಂ ಗಿಟಾರಿನವನು ಹಾಡು ಶುರುವಾದಾಗಿನಿಂದ ಮುಗಿಯುವ ತನಕ ಜಕಜಕ ಎಂದು ತಂತಿ ಮೀಟುತ್ತ ಡ್ರಮ್ಮಿನ ಮರೆಯಲ್ಲಿ ಕೂತಿರುತ್ತಾನೆ. ಅವನಿದ್ದಾನೆಂದು ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲದಿದ್ದರೆ ಮಾತ್ರ ಏನೋ ಕಡಿಮೆಯಾಗಿದೆಯಲ್ಲ ಎನಿಸುತ್ತದೆ. ಉಪ್ಪಿನದೂ ಇದೇ ಗತಿ. ಆದರೆ ಉಪ್ಪಿನ ಮೇಲೆ ಗಾದೆಗಳಾದರೂ ಇವೆ.

ಅವನು ಹೊಸಕೆರೆಹಳ್ಳಿಯ ಹಳೇ ಮನೆತನದವನು. ನಾವೆಲ್ಲ ಸೈಟು ಮಂಜೂರಾಗಿ ಇಲ್ಲಿಗೆ ಬಂದವರು, ಅವರದು ಸೈಟುಗಳಿಗಿಂತ ಮೊದಲಿನ ಊರು. ವಿದ್ಯುತ್ ಕಚೇರಿಯಲ್ಲಿ ಅವನು ಮೀಟರ್ ರೀಡರ್. ಹೆಗಲಿಗೊಂದು ಚೀಲ, ಕೈಯಲ್ಲೊಂದು ಟಾರ್ಚು, ಕಾಲಲ್ಲಿ ಸವೆದ ಚಪ್ಪಲಿ. ಗೇಟಿನ ಮುಂದೆ ನಿಂತು "ಮೀಟರ್..." ಎಂದು ಎಳೆದು ಕರೆಯುವನು. ಯಾರೂ ಬಾರದಿದ್ದರೆ ಅದೇ ಧಾಟಿಯಲ್ಲಿ, ಒಂದು ಮೆಟ್ಟಿಲು ಮೇಲಿನಿಂದ, ಮತ್ತೊಮ್ಮೆ "ಮೀಟರ್..." ಆಗ ಒಳಗಿನಿಂದ ಯಾರಾದರೂ ಹೆಂಗಸು "ಬಂದೇ..." ಎನ್ನುವಳು. ಬೇರೆ ಮೀಟರಿನವರು ಬಂದರೆ ಜನ ಬಿಲ್ಲಿನ ಬಗ್ಗೆ ಜಗಳ ಆಡುತ್ತಿದ್ದರು. ಇವನು ಬಂದರೆ ಮಜ್ಜಿಗೆ ಕೊಡುತ್ತಿದ್ದರು. ಬಿಲ್ಲು ಅಷ್ಟೇ ಬರುತ್ತಿತ್ತು.

ಬ್ಲೂಸ್ ಅವನಿಗೆ ಸಿಕ್ಕಿದ್ದು, ಅವನ ಮನೆಯ ಮಹಡಿಯ ಬಾಡಿಗೆದಾರನೊಬ್ಬ ಖಾಲಿ ಮಾಡುವಾಗ ಬಿಟ್ಟುಹೋದ ಕ್ಯಾಸೆಟ್ಟಿನಿಂದ. ನಮ್ಮ ಮನೆಯಲ್ಲೂ ಬಾಡಿಗೆದಾರರಿದ್ದರು. ಅವರು ಬಿಟ್ಟುಹೋದದ್ದು ಗೋಡೆಯ ಮೊಳೆಗಳನ್ನು ಮತ್ತು ಒಂದು ಒಡೆದ ಬಕೆಟ್ಟನ್ನು. ಅವನ ಕ್ಯಾಸೆಟ್ಟಿನ ಮೇಲೆ ಹೆಸರಿರಲಿಲ್ಲ. ಯಾರೋ ಮುದುಕ, ಇಂಗ್ಲಿಷಿನಲ್ಲಿ, ಮಾತಾಡಿದಂತೆ ಹಾಡುತ್ತ ಗಿಟಾರಿನ ತಂತಿಯನ್ನು ಪಕ್ಕಕ್ಕೆ ಎಳೆದು ನರಳಿಸುತ್ತಿದ್ದ. ಅಮೆರಿಕದ ಹತ್ತಿ ಹೊಲಗಳಲ್ಲಿ ಜೀತಕ್ಕಿದ್ದವರ ಮೊಮ್ಮಕ್ಕಳು ಕಟ್ಟಿದ ಹಾಡು ಅದು ಎಂದು ನಾನು ಎಲ್ಲೋ ಓದಿಕೊಂಡು ಬಂದು ಅವನಿಗೆ ತಿಳಿಸಿದೆ. ಅವನು ಓದಿದವನಲ್ಲ, ಕೇಳಿದವನು.

"ಕೇಳು ಗುರುವೇ," ಎಂದ. ಎಲ್ಲರನ್ನೂ ಗುರುವೇ ಎನ್ನುವುದು ಅವನ ರೂಢಿ. ಅವನಿಗೆ ಗುರು ಇರಲಿಲ್ಲವಾದ್ದರಿಂದ ಇರಬಹುದು. "ನಮ್ಮಜ್ಜಿ ಸತ್ತಾಗ ತಲಘಟ್ಟಪುರದಿಂದ ನಮ್ ದೊಡ್ಡಮ್ಮಂದಿರು ಬಂದು, ಹೆಣದ್ ಪಕ್ಕ ಕೂತು ಹಾಡ್ಕೊಂಡು ಹಾಡ್ಕೊಂಡು ಅತ್ರು. ಇದೂ ಅದೇ. ಭಾಷೆ ಬೇರೆ ಅಷ್ಟೆ."

"ಗಿಟಾರಲ್ಲಿ ಅಳ್ತಾರೇನಯ್ಯ?"

"ಅಳಲ್ಲ. ಅತ್ ಮುಗಿಸಿ, ಮೂಗು ಒರೆಸ್ಕೊಂಡು, ಏನಾಯ್ತು ಅಂತ ಹೇಳ್ತಾರಲ್ಲ, ಹಂಗೆ."

ಕೊಳಾಯಿ ಅಂಗಡಿಯಲ್ಲಿ ಒಂದು ಗೇಣುದ್ದದ ಹಿತ್ತಾಳೆ ಪೈಪು ಕೊಂಡು, ಅದರಲ್ಲಿ ಕಿರುಬೆರಳಿಗೆ ಆಗುವಷ್ಟು ತುಂಡನ್ನು ಕತ್ತರಿಸಿಕೊಂಡ. ಅದನ್ನು ಬೆರಳಿಗೆ ತೊಟ್ಟು ತಂತಿಯ ಮೇಲೆ ಜಾರಿಸುತ್ತ, ಸಂಜೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂರುವನು. ನುಡಿಸುವ ಮೊದಲು ಬಲಗಾಲಿನ ಚಪ್ಪಲಿ ಮಾತ್ರ ಕಳಚುವನು. ಎಡಗಾಲಿನದು ಯಾಕೆ ಬಿಡಲಿಲ್ಲವೆಂದು ಕೇಳಿದರೆ, "ಒಂದ್ ಕಾಲಾದ್ರೂ ಮನೆಗ್ ಹೋಗಕ್ಕೆ ರೆಡಿ ಇರ್ಲಿ" ಎನ್ನುವನು. ಕೂತಿದ್ದದ್ದೇ ಮನೆಯ ಮುಂದೆ. ಆಮೇಲೆ ಬೆರಳುಗಳ ಮೇಲೆ, ಬಿಸಿ ಕಾಫಿಯನ್ನು ಆರಿಸುವವನಂತೆ, ಉಫ್ ಎಂದು ಊದಿಕೊಳ್ಳುವನು. ಶ್ರುತಿ ಮಾಡಿಕೊಳ್ಳಲು ಮೂಲೆಯ ಟ್ರಾನ್ಸ್‌ಫಾರ್ಮರಿನ ಗುಂಯ್ ಎಂಬ ಸದ್ದಿಗೆ ಕಿವಿಗೊಡುವನು. "ಕಚೇರಿಯವರು ನಂಗೆ ಬಿಟ್ಟಿ ತಂಬೂರಿ ಇಟ್ಟಿದಾರೆ ಗುರುವೇ. ಇಪ್ಪತ್ನಾಲ್ಕ್ ಗಂಟೆ ಶ್ರುತಿ ತಪ್ಪಲ್ಲ." ನಾನು ಶ್ರುತಿಗೆಂದು ಜಯನಗರದ ಕಾಂಪ್ಲೆಕ್ಸಿಗೆ ಹೋಗಿ ಒಳ್ಳೆಯ ಶ್ರುತಿಪೆಟ್ಟಿಗೆಯನ್ನೇ ಕೊಂಡು ತಂದಿದ್ದೆ. ಅದನ್ನು ಕೇಳಲು ಯಾರೂ ರಸ್ತೆಯಲ್ಲಿ ನಿಲ್ಲಲಿಲ್ಲ.

ಎದುರು ಮನೆಯಲ್ಲಿ ಒಬ್ಬ ವೀಣೆ ಮೇಡಂ ಇದ್ದಾರೆ, ಶಾಸ್ತ್ರ ಬಲ್ಲವರು. ಒಂದು ದಿನ ಅವರು ನನ್ನನ್ನು ಗೇಟಿನ ಬಳಿ ನಿಲ್ಲಿಸಿ ಹೇಳಿದರು: "ನಿಮ್ ಫ್ರೆಂಡಿಗೆ ಸ್ವಲ್ಪ ಹೇಳಿ. ಅವರ ಗಾಂಧಾರ ಸಾಧಾರಣಾನೂ ಅಲ್ಲ, ಅಂತರಾನೂ ಅಲ್ಲ. ಎರಡರ ಮಧ್ಯೆ ಎಲ್ಲೋ ನಿಂತಿರತ್ತೆ. ಕೇಳ್ತಿದ್ರೆ ಬಾಗಿಲಲ್ಲಿ ನಿಂತಿರೋ ನೆಂಟರ ಥರ, ಒಳಗ್ ಬರಲ್ಲ, ಹೋಗೂ ಹೋಗಲ್ಲ." ಸರಿಗಮದ 'ಗ' ಸ್ವರಕ್ಕೆ ಶಾಸ್ತ್ರದಲ್ಲಿ ಗೊತ್ತಾದ ಜಾಗಗಳಿವೆ, ಇವನು ಅವುಗಳ ನಡುವಿನ ಬೀದಿಯಲ್ಲಿ ಓಡಾಡುತ್ತಿದ್ದಾನೆಂದು ಅವರ ದೂರು. ಇಂಥ ಸಂದೇಶವನ್ನು ತಲುಪಿಸುವುದರಲ್ಲಿ ನಾನು ಎಂದೂ ತಡ ಮಾಡಿದವನಲ್ಲ. ಆ ಸಂಜೆಯೇ ಹೇಳಿದೆ.

ಅವನು ಬೆರಳು ಊದಿಕೊಂಡು, "ಅಲ್ಲೇ ಗುರುವೇ ನಮ್ಮನೆ ಇರೋದು," ಎಂದ.

ಆ ಮಾತನ್ನೂ ನಾನೇ ಮೇಡಂಗೆ ಮುಟ್ಟಿಸಿದೆ. ಕೋಪ ಬರುತ್ತದೆಂದು ಕಾದೆ. ಅವರು "ಹಾಗಂದ್ರಾ?" ಎಂದು ಕೇಳಿ, ಮುಂದಿನ ನವರಾತ್ರಿಯಲ್ಲಿ ಗೊಂಬೆಗಳ ಮುಂದೆ ನುಡಿಸಲು ಅವನನ್ನು ಕರೆದರು. ನನ್ನ ಗಾಂಧಾರ ಹುಟ್ಟಿದಾಗಿನಿಂದ ಇರಬೇಕಾದ ಜಾಗದಲ್ಲೇ ಇದೆ. ನನ್ನನ್ನು ಉಸಲಿ ತಿನ್ನಲು ಕರೆದರು.

ಅವನ ಇನ್ನೊಂದು ದೋಷ, ತಾಳಕ್ಕೆ ತಡವಾಗಿ ಬರುವುದು. ನಾನು ತಾಳ ಹಾಕಿಕೊಂಡು ಹೋಗುತ್ತಿರುತ್ತೇನೆ, ಅವನು ಸೇರಿಕೊಳ್ಳಬೇಕಾದ ಜಾಗ ಬರುತ್ತದೆ, ಹೋಗುತ್ತದೆ. ಇವನು ಬಂದಿಲ್ಲ. ಬಸ್ಸು ಹೊರಟಿತು ಎನ್ನುವಾಗ ಹಿಂದಿನ ಬಾಗಿಲಿಗೆ ನೇತುಬೀಳುವವನಂತೆ ಬಂದು ಸೇರುತ್ತಿದ್ದ. ಒಂದು ದಿನ ಕೇಳಿಯೇಬಿಟ್ಟೆ, "ಕರೆಕ್ಟಾಗಿ ಬರಕ್ಕೆ ನಿಂಗೇನು ಕಷ್ಟ?"

"ನೋವಿದ್ದೋನು ಓಡ್ಕೊಂಡ್ ಬರ್ತಾನಾ ಗುರುವೇ? ಕಾಲೆಳ್ಕೊಂಡ್ ಬರ್ತಾನೆ."

ನಾನು ಆಫೀಸಿಗೆ ಒಂದು ದಿನವೂ ತಡವಾಗಿ ಹೋದವನಲ್ಲ. ಹಾಗೆಂದು ನನಗಾಗಿ ಅಲ್ಲಿ ಯಾರೂ ಕಾದಿರಲಿಲ್ಲ. ಇವನು ತಡ ಮಾಡುತ್ತಿದ್ದುದರಿಂದ ಜನ ಇವನಿಗಾಗಿ ಕಾಯುತ್ತಿದ್ದರು. ಆ ಅರೆಗಳಿಗೆಯಲ್ಲಿ ಇಡೀ ಪೆಂಡಾಲು ಉಸಿರು ಬಿಗಿಹಿಡಿದಿರುತ್ತಿತ್ತು. ಅವನು ಬಂದ ಮೇಲೆ ಬಿಡುತ್ತಿದ್ದ ಉಸಿರನ್ನೇ ಸಂಗೀತದ ಆನಂದವೆಂದು ತಿಳಿಯುತ್ತಿದ್ದರು ಎಂಬುದು ನನ್ನ ವಾದ. ಈ ವಾದವನ್ನು ನಾನು ನನ್ನ ಹೆಂಡತಿಯ ಮುಂದೆ ಎಷ್ಟೋ ಸಲ ಮಂಡಿಸಿದ್ದೇನೆ. ಅವಳು ಪ್ರತಿಸಲವೂ "ಇರಬಹುದು" ಎಂದಿದ್ದಾಳೆ. ಮದುವೆಯಾದವರಿಗೆ ಆ ಮಾತಿನ ಅರ್ಥ ಗೊತ್ತು.

ಹೊಸಕೆರೆಹಳ್ಳಿಯ ಗಣೇಶನ ಪೆಂಡಾಲಿನ ಕತೆಯನ್ನು ನಾನು ಹೇಳದಿದ್ದರೂ ಯಾರಾದರೂ ಹೇಳುತ್ತಾರೆ, ಆದ್ದರಿಂದ ನಾನೇ ಹೇಳುವುದು ಮೇಲು. ಸಂಜೆಯ ಕಾರ್ಯಕ್ರಮ. ಒಳ್ಳೆಯ ಜನ. ಮೂರನೆಯ ಹಾಡಿಗೆ ಕರೆಂಟು ಹೋಯಿತು. ಮೈಕು ಸತ್ತಿತು, ಕೀಬೋರ್ಡು ಸತ್ತಿತು, ಅವನ ಎಲೆಕ್ಟ್ರಿಕ್ ಗಿಟಾರು ಸೌದೆಯಾಯಿತು. ವೇದಿಕೆಯ ಮೇಲೆ ವಿದ್ಯುತ್ ಕಚೇರಿಯವನೇ ನಿಂತಿರುವುದು ಊರಿಗೆಲ್ಲ ಗೊತ್ತು.

"ಏನಣ್ಣ, ನಿಂದೇ ಕರೆಂಟು, ನಿಂಗೇ ಇಲ್ವಲ್ಲ," ಎಂದು ಒಬ್ಬ ಕೂಗಿದ.

"ಬಿಲ್ ಕಟ್ಟಿಲ್ಲ ಮಗಾ ಅವನು," ಎಂದು ಇನ್ನೊಬ್ಬ.

"ನೀನ್ ಕಟ್ಟಿದೀಯೇನೋ?" ಎಂದು ಇವನು ವೇದಿಕೆಯಿಂದಲೇ ಕೇಳಿದ. "ನಿಮ್ಮನೆ ಮೀಟರ್ ನಂಗೊತ್ತು. ಸುಮ್ನೆ ಕೂತ್ಕೋ."

ಜನ ನಕ್ಕರು. ಅವನು ತನ್ನ ಗಿಟಾರನ್ನು ಪೆಂಡಾಲಿನ ಕಂಬಕ್ಕೆ ಒರಗಿಸಿ, ನೇರ ನನ್ನ ಬಳಿಗೆ ಬಂದ. ನನ್ನದು ಮರದ ಗಿಟಾರು, ಕರೆಂಟು ಬೇಡ. ಅಂದರೆ ದೇವರು ನನಗಾಗಿಯೇ ಕರೆಂಟು ತೆಗೆದಿದ್ದ ಗಳಿಗೆ ಅದು. ನಾನು ಎದ್ದು ನಿಲ್ಲುವುದೋ ಕೂತೇ ನುಡಿಸುವುದೋ ಎಂದು ಯೋಚಿಸುತ್ತಿದ್ದೆ. ಯೋಚಿಸಿ ಮುಗಿಯುವ ಮೊದಲೇ ಅವನು, ಪಕ್ಕದ ಮನೆಯಿಂದ ಏಣಿ ತೆಗೆದುಕೊಂಡು ಹೋಗುವಷ್ಟು ಸಲೀಸಾಗಿ, ನನ್ನ ತೊಡೆಯ ಮೇಲಿನ ಗಿಟಾರನ್ನು ಎತ್ತಿಕೊಂಡ. "ಒಂದ್ನಿಮಿಷ ಗುರುವೇ," ಎಂದ. ವೇದಿಕೆಯ ಅಂಚಿಗೆ ಹೋಗಿ ಕಾಲು ಇಳಿಬಿಟ್ಟು ಕೂತು, ಬಲಗಾಲಿನ ಚಪ್ಪಲಿ ಬಿಟ್ಟು, ಬೆರಳಿಗೆ ಹಿತ್ತಾಳೆ ತೊಟ್ಟ.

ಅವತ್ತು ಅವನು ನುಡಿಸಿದ್ದು ಅವನದೇ ಧಾಟಿ. ಮನೆಮನೆ ತಿರುಗುವಾಗ ಕಟ್ಟಿದ್ದು, ಆದ್ದರಿಂದ ಜನ ಅದನ್ನು ಮೀಟರ್ ಟ್ಯೂನ್ ಎನ್ನುತ್ತಿದ್ದರು. ಮೊದಲು ಒಂದು ಕರೆ. ಅದೇ ಕರೆ ಇನ್ನೊಮ್ಮೆ, ಒಂದು ಮೆಟ್ಟಿಲು ಮೇಲಿನಿಂದ. ಆಮೇಲೆ ಒಳಗಿನಿಂದ ಯಾರೋ ಓಗೊಟ್ಟಂತೆ ಉತ್ತರ, ಬಾಗಿಲು ತೆಗೆದಂತೆ. ಮತ್ತೆ ಮುಂದಿನ ಮನೆ. ಮೈಕಿಲ್ಲದ್ದರಿಂದ ಜನ ಮಾತು ನಿಲ್ಲಿಸಿ ಮುಂದೆ ಮುಂದೆ ಸರಿದು ಕೂತರು. ಅಳುವ ಕೂಸುಗಳೂ ಸುಮ್ಮನಾದವು. ನಾನು ಖಾಲಿ ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈಗಳು ಬಿಡುವಾಗಿದ್ದುದರಿಂದ ನಾನೂ ತಟ್ಟಬೇಕಾಯಿತು. ಗಿಟಾರು ನನ್ನದು ಎಂಬುದನ್ನು ಆಮೇಲೆ ಹಲವರಿಗೆ ಹೇಳಿದೆ. "ಹೌದಾ," ಎಂದರು.

ಹೋದ ವರ್ಷ ಬೇಸಗೆಯಲ್ಲಿ ಅವನು ಹೋದ. ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ. ಇಂಥ ಸಾವು ಬೇಕೆಂದು ನಾನು ಬಹಳ ವರ್ಷಗಳಿಂದ ಬೇಡಿಕೊಳ್ಳುತ್ತಿದ್ದೇನೆ. ಅದೂ ಅವನಿಗೇ ಸಿಕ್ಕಿತು.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಬಡಾವಣೆಯ ಕನ್ನಡ ಸಂಘದವರು ಕಲ್ಲು ನಿಲ್ಲಿಸುವ ತೀರ್ಮಾನ ಮಾಡಿದರು. ಅಧ್ಯಕ್ಷ ಮುನಿರಾಜು, ಹಾರ್ಡ್‌ವೇರ್ ಅಂಗಡಿಯವನು, ನನಗಿಂತ ಚಿಕ್ಕವನು, ಒಳ್ಳೆಯವನು. ಕಲ್ಲಿನ ಮೇಲಿನ ಒಕ್ಕಣೆಗಾಗಿ ನನ್ನನ್ನೂ ಕರೆದುಕೊಂಡು, ತೀರಿಹೋದವನ ಹೆಂಡತಿ ಶಾರದಮ್ಮನವರ ಮನೆಗೆ ಹೋದ.

"ಬರೀ ಹೆಸರ್ ಹಾಕಿದ್ರೆ ಸೈಟ್ ಓನರ್ ಅನ್ಕೋತಾರೆ ಅಕ್ಕ. ಒಂದ್ ಬಿರುದು ಬೇಕು. ಗಿಟಾರ್ ಚಕ್ರವರ್ತಿ ಅಂತ ಹಾಕೋಣ."

"ಅವನಿಗೆ ಯಾರೂ ಬಿರುದು ಕೊಟ್ಟಿರ್ಲಿಲ್ವಲ್ಲ," ಎಂದೆ ನಾನು, ಇತಿಹಾಸದ ಮೇಲಿನ ಗೌರವದಿಂದ.

"ಈಗ ಕೊಡ್ತಿದೀವಲ್ಲ ಸಾರ್."

ಶಾರದಮ್ಮ ಕಾಫಿ ಲೋಟ ಇಡುತ್ತ, "ಚಕ್ರವರ್ತಿ ಬೇಡಪ್ಪ," ಎಂದರು. "ನಲ್ಲಿ ಸರಿ ಮಾಡಿ ಅಂದ್ರೆ ಮೂರ್ ತಿಂಗಳು ಮಾಡ್ತಿರ್ಲಿಲ್ಲ ಆ ಚಕ್ರವರ್ತಿ. ಗಿಟಾರ್ ನುಡಿಸ್ತಿದ್ರು ಅಂತ ಬರೀರಿ. ಅದಷ್ಟು ನಿಜ."

'ಮತ್ತು ಸಂಗಡಿಗರು' ಎಂಬ ಎರಡು ಪದ ಸೇರಿಸಿದರೆ ಚರಿತ್ರೆ ಪೂರ್ಣವಾಗುತ್ತದೆಂದು ನಾನು ಸೂಚಿಸಿದೆ. ಕಲ್ಲಿನಲ್ಲಿ ಜಾಗವಿಲ್ಲವೆಂದು ಮುನಿರಾಜು ವಿಷಾದಿಸಿದ. ಕಲ್ಲು ಬಂದ ಮೇಲೆ ನೋಡಿದೆ, ಜಾಗ ಯಾಕಿಲ್ಲವೆಂದು ತಿಳಿಯಿತು. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಗೌರವ ಸಲಹೆಗಾರರು, ಎಲ್ಲರೂ ಅಲ್ಲಿ ಒತ್ತಾಗಿ ಕೂತಿದ್ದರು.

ಆದರೆ ಹೊರಡುವಾಗ ಮುನಿರಾಜು ಗೇಟಿನ ಬಳಿ ನನ್ನ ಕೈ ಹಿಡಿದುಕೊಂಡ. "ಸಾರ್, ರಾಜ್ಯೋತ್ಸವದ್ ದಿನ ಕಲ್ಲಿನ್ ಬಟ್ಟೆ ತೆಗಿಯೋವಾಗ ಅಣ್ಣನ ಮೀಟರ್ ಟ್ಯೂನ್ ನೀವೇ ಬಾರಿಸ್ಬೇಕು. ಬೇರೆ ಯಾರಿದಾರೆ ಈಗ?"

ಕೊನೆಯ ವಾಕ್ಯ ಇಲ್ಲದಿದ್ದರೂ ನಡೆಯುತ್ತಿತ್ತು. ಆದರೂ ಅವತ್ತು ಮನೆಗೆ ಬರುವಾಗ ನನ್ನ ಚಪ್ಪಲಿ ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ ತಿಳಿಯದು. ಆಯುಸ್ಸಿನುದ್ದಕ್ಕೂ ಡ್ರಮ್ಮಿನ ಮರೆಯಲ್ಲಿ ಕೂತವನು ಒಂದೇ ಒಂದು ಸಲ ಮುಂದೆ ನಿಂತು ಲೀಡ್ ನುಡಿಸಬೇಕು, ಈ ರಸ್ತೆಯ ಜನ ಕತ್ತು ತಿರುಗಿಸಿ ನನ್ನ ಕಡೆ ನೋಡಬೇಕು. ನನಗೆ ಬೇರೇನೂ ಬೇಡವಾಗಿತ್ತು. ಕಲ್ಲು ಬೇಕಾದರೆ ಅವನೇ ಇಟ್ಟುಕೊಳ್ಳಲಿ.

ಒಂದು ತೊಡಕಿತ್ತು. ನಾನು ಲೀಡಿಗೆ ಹೋದರೆ ರಿದಂ ಯಾರು? ಆರ್ಕೆಸ್ಟ್ರಾ ಮುಚ್ಚಿ ಎಷ್ಟೋ ಕಾಲವಾಗಿತ್ತು. ಬಹಳ ಆಲೋಚಿಸಿ, ನನ್ನ ರಿದಮ್ಮನ್ನು ನಾನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅದನ್ನು ಸ್ಪೀಕರಿನಲ್ಲಿ ಹಾಕಿ, ಅದರ ಮೇಲೆ ನಾನೇ ಲೀಡ್ ನುಡಿಸುವುದು. ಬದುಕಿನಲ್ಲಿ ಮೊದಲ ಸಲ ನನಗೊಬ್ಬ ಪಕ್ಕವಾದ್ಯದವನು ಸಿಕ್ಕಿದ್ದ. ಹೇಳಿದ ಸಮಯಕ್ಕೆ ಬರುವವನು, ಎದುರಾಡದವನು. ನಾನೂ ಒಂದು ಹಿತ್ತಾಳೆ ಪೈಪಿನ ತುಂಡು ಮಾಡಿಸಿಕೊಂಡು ಅಭ್ಯಾಸಕ್ಕೆ ಕೂತೆ. ಸ್ವರಗಳೆಲ್ಲ ಬಂದವು. ಇಷ್ಟು ವರ್ಷ ಪಕ್ಕದಲ್ಲೇ ಕೂತು ಕೇಳಿದ್ದೇನೆ, ಬಾರದೆ ಏನು.

"ಬೇಗ ಬಂದ್ಬಿಟ್ರಿ," ಎಂದಳು ಹೆಂಡತಿ, ಅಡುಗೆಮನೆಯಿಂದ.

"ಏನು?"

"ಅಲ್ಲಿ ಅವ್ರು ಇಷ್ಟ್ ಬೇಗ ಬರ್ತಿರ್ಲಿಲ್ಲ ರೀ. ನೀವು ಬಾಗಿಲಲ್ಲೇ ಕಾದ್ಕೊಂಡಿದ್ದೋರ್ ಥರ ನುಗ್ತಿದೀರ."

ಇನ್ನೊಮ್ಮೆ ನುಡಿಸಿದೆ.

"ಈಗ್ಲೂ ಬೇಗ. ಅವ್ರು ಸಾಸಿವೆ ಚಟಪಟ ಅಂದು ನಿಲ್ಲೋವರೆಗೂ ಬಿಟ್ಟು, ಆಮೇಲ್ ಬರ್ತಿದ್ರು."

"ನಿನಗೆ ಹೇಗೆ ಗೊತ್ತು ಅದು?"

"ದಿನಾ ಸಾಯಂಕಾಲ ಕಿಟಕಿ ತೆಕ್ಕೊಂಡು ಅಡುಗೆ ಮಾಡಿದೀನಲ್ಲ."

ಆ ಕಿಟಕಿಯನ್ನು ಅವಳು ತೆರೆದಿಡುತ್ತಿದ್ದುದು ಹೊಗೆ ಹೋಗಲಿ ಎಂದು ನಾನು ತಿಳಿದಿದ್ದೆ.

ಅವತ್ತಿನಿಂದ ತಡ ಮಾಡುವುದನ್ನು ಅಭ್ಯಾಸ ಮಾಡಿದೆ. ಕೆಲವರಿಗೆ ಹುಟ್ಟಿನಿಂದ ಬರುವುದನ್ನು ಕೆಲವರು ಕಷ್ಟಪಟ್ಟು ಕಲಿಯಬೇಕು. ಜಾಗ ಬಂದಾಗ ಕೈ ತಾನಾಗಿ ತಂತಿಗೆ ಹೋಗುತ್ತಿತ್ತು. ಅದನ್ನು ತಡೆದು, ಉಸಿರು ಬಿಗಿಹಿಡಿದು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಕ್ಟೋಬರ್ ಮುಗಿಯುವ ಹೊತ್ತಿಗೆ ಅಡುಗೆಮನೆಯಿಂದ ಆಕ್ಷೇಪಣೆ ಬರುವುದು ನಿಂತಿತು. ಒಂದು ಸಂಜೆ ಅವಳು ಸೌಟು ಹಿಡಿದುಕೊಂಡೇ ಹೊರಗೆ ಬಂದು ನನ್ನ ಮುಖ ನೋಡಿ ಒಳಗೆ ಹೋದಳು. ಅಂಥ ಬಿರುದು ಯಾವ ಸಂಘವೂ ಕೊಟ್ಟೀತೆ?

ರಾಜ್ಯೋತ್ಸವದ ಬೆಳಿಗ್ಗೆ ಮೂಲೆಯಲ್ಲಿ ಶಾಮಿಯಾನ ಹಾಕಿದ್ದರು. ಕಲ್ಲಿಗೆ ಹಳದಿ ಕೆಂಪು ಬಟ್ಟೆ ಹೊದಿಸಿತ್ತು. ಧ್ವಜ ಏರಿತು, ನಾಡಗೀತೆ ಆಯಿತು, ಭಾಷಣಗಳಾದವು. ಮೃತರನ್ನು ಕಂಡೇ ಇರದ ಗಣ್ಯರೊಬ್ಬರು ಮೃತರ ಸರಳತೆಯನ್ನು ಕೊಂಡಾಡಿದರು. ಎಳನೀರಿನವನು ಗಾಡಿಯನ್ನು ಸ್ವಲ್ಪ ಹಿಂದಕ್ಕೆ ತಳ್ಳಿಕೊಂಡು ತಾನೂ ನಿಂತು ನೋಡುತ್ತಿದ್ದ. ಕಲ್ಲಿನ ಪಕ್ಕದಲ್ಲಿ, ಎಲ್ಲರ ಮುಂದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಿಟಾರನ್ನು ಕೊರಳಿಗೆ ಹಾಕಿಕೊಂಡು ನಾನು ನಿಂತಿದ್ದೆ. ಶಾರದಮ್ಮ ಮುಂದಿನ ಸಾಲಿನಲ್ಲಿ. ನನ್ನ ಹೆಂಡತಿ ಹಿಂದಿನ ಸಾಲಿನ ಹೆಂಗಸರ ಜೊತೆಗೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ.

ಬಟ್ಟೆ ಸರಿಸಿದರು. ನಾನು ಮೊಬೈಲಿನ ಗುಂಡಿ ಒತ್ತಿದೆ. ಸ್ಪೀಕರಿನಿಂದ ನನ್ನ ರಿದಂ ಹೊರಟಿತು. ಶುದ್ಧವಾಗಿ, ಸಮವಾಗಿ, ಬಹಳ ಚೆನ್ನಾಗಿ, ನಾನೇ ಹೇಳಬೇಕೆಂದರೆ. ನನ್ನ ಕಿರುಬೆರಳಿನ ಹಿತ್ತಾಳೆ ತಂತಿಯ ಮೇಲೆ ಜಾರಲು ಸಿದ್ಧವಾಗಿತ್ತು. ಸೇರಬೇಕಾದ ಜಾಗ ಬಂತು. ನಾನು ತಡೆದೆ. ಜಾಗ ದಾಟಿತು. ಇನ್ನೂ ಸ್ವಲ್ಪ, ಎಂದುಕೊಂಡೆ. ಜನರೆಲ್ಲ ಉಸಿರು ಬಿಗಿಹಿಡಿದರು. ಕತ್ತುಗಳು ನನ್ನ ಕಡೆ ತಿರುಗಿದವು. ಎಷ್ಟೋ ವರ್ಷಗಳ ಮೇಲೆ ಆ ಅರೆಗಳಿಗೆ ನನ್ನದಾಗಿತ್ತು.

ಆಗ ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಿಂದ ಯಾರೋ ಹೆಂಗಸು, ಬಾಯಿ ತೆರೆಯದೆ, ಗಂಟಲಿನಲ್ಲೇ, ಮೊದಲ ಕರೆಯನ್ನು ಗುನುಗಿದಳು. ಸರಿಯಾಗಿ ಅವನು ಬರುತ್ತಿದ್ದ ಜಾಗದಲ್ಲಿ. ನಾನು ಇನ್ನೊಂದು ಕೂದಲೆಳೆ ತಡ ಮಾಡಿದ್ದೆ. ಅವಳ ಪಕ್ಕದವಳು ಸೇರಿಕೊಂಡಳು. ಎರಡನೇ ಕರೆಗೆ ಆ ಸಾಲಿಗೆ ಸಾಲೇ ಗುನುಗಿತು, ಒಂದು ಮೆಟ್ಟಿಲು ಮೇಲಿನಿಂದ. ಉತ್ತರದ ಹೊತ್ತಿಗೆ ಗೇಟುಗಳಲ್ಲಿ ನಿಂತಿದ್ದವರು, ಮಹಡಿಯ ಮೇಲಿದ್ದವರು, ಎಳನೀರಿನವನು, ಎಲ್ಲರೂ. ಇಷ್ಟು ವರ್ಷ ಬಾಗಿಲ ಹಿಂದೆ ನಿಂತು ಕೇಳಿದ್ದವರು ಅವರು. ಮಧ್ಯದಲ್ಲಿ ಎಲ್ಲಾದರೂ ನುಗ್ಗಲು ನೋಡಿದೆ. ಎರಡನೇ ಸುತ್ತಿಗೆ ಕೈ ಎತ್ತಿದೆ, ಮೂರನೇ ಸುತ್ತಿಗೂ ಎತ್ತಿದೆ. ತುಂಬಿದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ಹೆಂಡತಿ ಕಣ್ಣು ಮುಚ್ಚಿ ಗುನುಗುತ್ತಿದ್ದಳು.

ಟ್ಯೂನು ಮುಗಿಯಿತು. ನಾನು ಒಂದು ತಂತಿಯನ್ನೂ ಮುಟ್ಟಿರಲಿಲ್ಲ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕಲ್ಲಿನ ಕಡೆ ತಿರುಗಿಕೊಂಡು.

ಮುನಿರಾಜು ಕಣ್ಣೊರೆಸಿಕೊಳ್ಳುತ್ತ ಬಂದ. "ಸಾರ್, ಅಣ್ಣನ ರೆಕಾರ್ಡಿಂಗ್ ನಿಮ್ಮತ್ರ ಇತ್ತಾ? ಹೇಳೇ ಇರ್ಲಿಲ್ವಲ್ಲ. ಏನ್ ಕೈ ಸಾರ್ ಅದು, ಸಖತ್. ಅಣ್ಣಂದು ಬರ್ತಿರೋವಾಗ ನೀವು ಬಾರಿಸ್ದೆ ಸುಮ್ನೆ ನಿಂತ್ರಲ್ಲ, ಅದು ದೊಡ್ಡತನ ಸಾರ್."

"ಅದು..." ಎಂದೆ.

"ನಂಗೆ ವಾಟ್ಸಾಪ್ ಮಾಡ್ಬಿಡಿ. ಇನ್ಮೇಲೆ ಪ್ರತಿ ರಾಜ್ಯೋತ್ಸವಕ್ಕೂ ಇದೇ ಹಾಕೋದು." ಅವನು ತಿಂಡಿಯ ಸಾಲು ಸರಿಪಡಿಸಲು ಹೋದ.

ಶಾರದಮ್ಮ ಪಕ್ಕದಲ್ಲೇ ನಿಂತಿದ್ದರು. ಸೆರಗಿನಿಂದ ಕಲ್ಲಿನ ಮೇಲೆ ಯಾರದೋ ಬೆರಳಿನ ಗುರುತನ್ನು ಒರೆಸುತ್ತ, "ಅದು ನಿಮ್ ಕೈ," ಎಂದರು.

"ನಿಮಗೆ ಹೇಗೆ ಗೊತ್ತಾಯ್ತು?"

"ಅಷ್ಟು ಸರ್ಯಾಗ್ ಬಾರ್ಸಕ್ಕೆ ಅವ್ರಿಗೆ ಯಾವತ್ತೂ ಬರ್ಲಿಲ್ಲ."

ಆ ಮಾತನ್ನು ನಾನು ಇವತ್ತಿನವರೆಗೂ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಹೊಗಳಿಕೆಯ ಕಡೆ ಯಾವುದು, ಇನ್ನೊಂದು ಕಡೆ ಯಾವುದು, ಗೊತ್ತಾಗಿಲ್ಲ.

"ಮುನಿರಾಜುಗೆ ಹೇಳಿಬಿಡ್ಲಾ?" ಎಂದು ಕೇಳಿದೆ.

"ಹೇಳಿ, ತಪ್ಪೇನಿದೆ. ನಿಮ್ದೇ ತಾನೆ." ಅವರು ಸೆರಗು ಸರಿಮಾಡಿಕೊಂಡರು. "ಆದ್ರೆ ಮುಂದಿನ್ ವರ್ಷ ಹಾಕಲ್ಲ ಅವ್ರು."

ನಾನು ಗಿಟಾರನ್ನು ಚೀಲಕ್ಕೆ ಹಾಕಿದೆ. ಹಾಕಲು ಎಷ್ಟು ಹೊತ್ತು ಬೇಕೋ ಅದಕ್ಕಿಂತ ಹೆಚ್ಚು ಹೊತ್ತು ಹಾಕಿದೆ. ಉಪ್ಪಿಟ್ಟಿನ ಸಾಲು ಕರಗುತ್ತ ಬಂದಿತ್ತು. ಮೊಬೈಲು ತೆಗೆದು ಮುನಿರಾಜುವಿಗೆ ರೆಕಾರ್ಡಿಂಗ್ ಕಳಿಸಿದೆ. ಯಾರು ನುಡಿಸಿದ್ದೆಂದು ಬರೆಯಲಿಲ್ಲ. ಅವನು ಸಾಲಿನ ಆ ತುದಿಯಿಂದ ನನ್ನ ಕಡೆ ಕೈ ಎತ್ತಿ ತೋರಿಸಿ, ಕೂಡಲೇ ಉತ್ತರ ಕಳಿಸಿದ: "ಅಣ್ಣನ ಕೈಗೆ ಸಾವಿಲ್ಲ ಸಾರ್."

ನಿಜ. ಆ ಕೈಯಲ್ಲೇ ನಾನು ಬೆಳಿಗ್ಗೆ ಹಾಲು ತಂದಿದ್ದೆ.